ಕಿವಿಗಲ್ಲು

ಮಲ್ಪೆಯಿಂದ ರಾತ್ರಿಯಿಡೀ ಬಸ್ಸಿನ ಡಿಕ್ಕಿಯಲ್ಲಿ ಕುಲುಕುತ್ತ
ಬಂದಿಳಿಯಿತು ಥರ್ಮಾಕೋಲ್ ಡಬ್ಬಿ. ಕಂಡಕ್ಟರನ ಮುನಿಸು:
"ನಿಮ್ಮ ಮೀನ ಬೆವರಲಕತ್ತಾವ ಮೇಡಂ,
ಮಂದಿ ಲಗೇಜೆಲ್ಲ ನಾರತದ."

ಕಲಬುರಗಿ. ಏಪ್ರಿಲ್. ನಲವತ್ಮೂರು ಡಿಗ್ರಿ.
ಸೇಡಂ ರಸ್ತೆಯ ಪ್ರಯೋಗಶಾಲೆಯಲ್ಲಿ
ಫ್ಯಾನು ತಿರುಗುತ್ತದೆ, ಗಾಳಿ ತಿರುಗುವುದಿಲ್ಲ.
ಟ್ರೇಯಲ್ಲಿ ಸಾಲಾಗಿ ಮಲಗಿಸುತ್ತೇನೆ ನಂಗು ಮೀನು
ನಡುಮಾತಿನಲ್ಲಿ ಕಿತ್ತಿಟ್ಟ ನಾಲಿಗೆಗಳ ಹಾಗೆ.

ಹುಟ್ಟುವಾಗ ಇದೂ ಎಲ್ಲ ಮೀನಿನಂತೆ,
ಈ ಕಡೆಗೊಂದು ಕಣ್ಣು, ಆ ಕಡೆಗೊಂದು.
ಆಮೇಲೆ ಬಲಗಣ್ಣು ನೆತ್ತಿ ದಾಟಿ ನಡೆದು
ಎಡಗಣ್ಣಿನ ಪಕ್ಕ ಬಂದು ಕೂರುತ್ತದೆ.
ಉಳಿದ ಆಯುಷ್ಯಕ್ಕೆಲ್ಲ ಒಂದೇ ಮಗ್ಗುಲು:
ಮೇಲೆ ಕೆಸರಿನ ಬಣ್ಣ, ಕೆಳಗೆ ಬಿಳಿ ಕುರುಡು.

ಡಬ್ಬಿಯಲ್ಲಿ ಚೀಟಿ. ಬಂದರಿನಲ್ಲಿ ಮೀನು ಆರಿಸುವ
ಲೀಲಕ್ಕ ಮೆಂಡನ್ ಪೆನ್ಸಿಲ್ಲಿನಲ್ಲಿ ಬರೆದದ್ದು
(ಶಾಯಿ ಐಸಿಗೆ ನಿಲ್ಲುವುದಿಲ್ಲ ಎಂದವಳೂ ಅವಳೇ):
"ಹನ್ನೆರಡು ಮಾರು ಆಳ. ಕೇಜಿಗೆ ಐವತ್ತು ನಿಂತವು.
ಮುಂಚೆ ಇಪ್ಪತ್ತೈದಕ್ಕೇ ತಕ್ಕಡಿ ಬಗ್ಗುತ್ತಿತ್ತು.
ದೊಡ್ಡದು ನಾನು ಬಚ್ಚಿಟ್ಟಿದ್ದೇನೆ ಅಂತ ತಿಳೀಬೇಡಿ."

ಉದ್ದ. ತೂಕ. ಗಂಡೋ ಹೆಣ್ಣೋ.
ಹೊಟ್ಟೆಯಲ್ಲಿ ತತ್ತಿಯೋ ಬರೀ ರಾಡಿಯೋ.
ಕೊನೆಗೆ ತಲೆ ಸೀಳಿ ಚಿಮಟದಿಂದ ಹೆಕ್ಕುತ್ತೇನೆ
ಸಜ್ಜೆಕಾಳಿನಷ್ಟು ಕಿವಿಯ ಕಲ್ಲು.
ವಯಸ್ಸು ಕೇಳಬೇಕೆಂದರೆ ಸತ್ತಿರಬೇಕು ಮೀನು.
ಬೆಳಕಿಗೆ ಹಿಡಿದರೆ ಬಿಳಿ ಬಳೆ, ಕಪ್ಪು ಬಳೆ,
ಉಂಡ ತಿಂಗಳಿಗೊಂದು, ಹಸಿದ ತಿಂಗಳಿಗೊಂದು;
ಎರಡು ಕೂಡಿದರೆ ವರ್ಷ.

ಶಹಾಬಾದಿನಿಂದ ಅಬ್ಬಾ ಬಂದಿದ್ದರು, ಕಣ್ಣಾಸ್ಪತ್ರೆಗೆ.
ಮೂವತ್ತೈದು ವರ್ಷ ಫರಸಿ ಸೀಳಿದ ಮೈಬೂಬಸಾಬ,
ಚಕ್ಕೆ ಹಾರಿ ಬಲಗಣ್ಣು ಮಾಸಿದೆ.
ಸೂಕ್ಷ್ಮದರ್ಶಕಕ್ಕೆ ಬಗ್ಗಿ ನಕ್ಕರು:
"ಒಂದ ಕಣ್ಣ ಸಾಕು ಇದಕ್ಕ.
ನನ್ನಂಥಾಂವಗೇ ಮಾಡ್ಯಾರ ನೋಡು."
ಬಹಳ ಹೊತ್ತು ತಲೆ ಎತ್ತಲಿಲ್ಲ.
"ಸುಣ್ಣದ ಕಲ್ಲು."
ಹೌದು, ಎಂದೆ.
"ನಮ್ಮ ಖಣಿ ಕಲ್ಲಿನ ಜಾತಿ."
ಹೌದು.
"ಪದರು ಒಂದ ಅದ. ಇದರಾಗ ಎರಡು.
ಮುಂದಿನವು ಎಲ್ಲಿ?"

ಮೂರು ವರ್ಷದ ಫೆಲೋಶಿಪ್ಪು ಸವೆಸಿ
ನಾನು ಮುಟ್ಟಿದ್ದೂ ಇದೇ ಪ್ರಶ್ನೆಯನ್ನು.
ನಾಲ್ಕುನೂರಾ ಹನ್ನೆರಡು ಮೀನು,
ಮೂರನೇ ಬಳೆ ತೊಟ್ಟವು ಏಳು.
ಹೋದ ತಿಂಗಳು ಒಂದೂ ಇಲ್ಲ.

ಅಬ್ಬಾ ಚಾ ಬಸಿಗೆ ಬಗ್ಗಿಸಿಕೊಂಡು ಊದಿದರು.
"ತಳಕ್ಕ ಹ್ವಾದಂಗ ಸಣ್ಣ ತುಂಡೇ ಏಳತಿದ್ವು.
ಮಾಲಕ ಅಂತಿದ್ದ, ಈ ಸಾಲ ಕಲ್ಲು ಕೆಟ್ಟದ.
ಕಲ್ಲು ಕೆಡಲ್ಲ ಬೇಟಾ. ತೀರತದ."

ಅವರು ಮಲಗಿದ ಮೇಲೆ ಹಾಸ್ಟೆಲಿನ ನೆಲದಲ್ಲಿ
ಸೆಕೆಗೆ ನಾನೂ ಕೆನ್ನೆಯಿಟ್ಟೆ. ಫರಸಿ ತಣ್ಣಗಿತ್ತು.
ಇದೂ ಒಂದು ಕಾಲಕ್ಕೆ ಸಮುದ್ರದ ತಳವೇ. ನಮ್ಮನೆಯ
ಬಚ್ಚಲ ಹತ್ತಿರದ ಕಲ್ಲಿನಲ್ಲಿ ತೆರೆಯ ಗೆರೆ ಇನ್ನೂ ಇದೆ,
ಅಮ್ಮಿ ಎಷ್ಟು ತಿಕ್ಕಿದರೂ ಹೋಗಿಲ್ಲ.
ಆ ನೀರಿನಲ್ಲಿ ಮೀನಿರಲಿಲ್ಲ.
ಆ ತೆರೆಯನ್ನು ನೋಡುವ ಕಣ್ಣು
ಯಾವ ಜೀವಕ್ಕೂ ಇನ್ನೂ ಮೂಡಿರಲಿಲ್ಲ.
ನಾನು ನಿಜದ ಸಮುದ್ರ ಕಂಡಿದ್ದು ಎರಡು ಸಲ,
ಎರಡು ಸಲವೂ ಚಪ್ಪಲಿ ಕೈಯಲ್ಲಿ ಹಿಡಿದು.

ಬೆಳಿಗ್ಗೆ ಡಬ್ಬಿ ತೊಳೆದೆ. ಪೆನ್ಸಿಲ್ ಚೂಪು ಮಾಡಿ ಬರೆದೆ:
"ಲೀಲಕ್ಕ, ಗೇಣು ಮೀರಿದ್ದೊಂದು ಸಿಕ್ಕು
ಇನ್ನೂ ಒದ್ದಾಡುತ್ತಿದ್ದರೆ ಕಳಿಸಬೇಡಿ.
ನೀರಿಗೆ ಬಿಟ್ಟು, ಬಿಟ್ಟೆ ಅಂತಷ್ಟೇ ಬರೆಯಿರಿ.
ನನ್ನ ತಖ್ತೆಯಲ್ಲಿ ಆ ಮನೆ ಖಾಲಿ ಇರಲಿ."

ಬಸ್ ನಿಲ್ದಾಣದಲ್ಲಿ ಅದೇ ಕಂಡಕ್ಟರು.
ಡಬ್ಬಿ ಅಲ್ಲಾಡಿಸಿ ನೋಡಿದ, ಮೂಸಿದ.
"ಏನೂ ಇಲ್ಲಲ್ರಿ ಇದರಾಗ?"
ಇಲ್ಲ, ಎಂದೆ.
"ಇರಲಿ. ಖಾಲಿದಕ್ಕೂ ಚಾರ್ಜ್ ಅದ."