ಹದಿನಾಲ್ಕನೇ ಗೇಟಿನ ದಿನಚರಿ

ನರಿ ಬಂದುಹೋದ ಬೆಳಗ್ಗೆ
ಗೂಡಿನಲ್ಲಿ ಉಳಿದದ್ದು ಒಂದಿಷ್ಟು ಬಿಳಿ ಗರಿ,
ಹುಲ್ಲಿಗೆ ಅಂಟಿದ ರಕ್ತ,
ಮತ್ತೆ ಹೆಬ್ಬಾತಿನ ಏಳು ಮೊಟ್ಟೆ,
ಇನ್ನೂ ಬೆಚ್ಚಗೆ, ಏನೂ ಗೊತ್ತಿಲ್ಲದ ಹಾಗೆ.

ಟೊಪ್ಪಿಯೊಳಗಿಟ್ಟು ತಂದೆ.
ಎತೆಲ್ಕಾ ಒಲೆಯಿಂದ ತಲೆಯೆತ್ತದೆ ಅಂದಳು:
"ಆಮ್ಲೆಟ್ಟಿಗೆ ಎರಡು ಸಾಕು.
ಉಳಿದದ್ದಕ್ಕೆ ನೀನೇ ಕಾವಿಗೆ ಕೂರು,
ಹೇಗೂ ಕೆಲಸವಿಲ್ಲವಲ್ಲ."

ನಿಜ. ಈ ಹಳಿಯ ಮೇಲೆ
ಹೋದ ಡಿಸೆಂಬರಿನಿಂದ ರೈಲಿಲ್ಲ.
ಇಲಾಖೆಯವರು ಕೆಂಪು ಬಾವುಟ ವಾಪಸು ಒಯ್ದರು,
ಗೇಟನ್ನು ಮರೆತರು. ನನ್ನನ್ನೂ.
ತೀಸಾ ನದಿಯ ಕಡೆಯಿಂದ ಗಾಳಿ ಬೀಸಿದರೆ
ಗೇಟಿನ ಕಂಬ ತಾನಾಗಿಯೇ ಒಮ್ಮೆ ನಡುಗುತ್ತದೆ, ಅಷ್ಟೆ.

ಥರ್ಮೋಕೋಲ್ ಡಬ್ಬ,
ಸಿಗ್ನಲ್ ದೀಪದಿಂದ ಕಳಚಿದ ಬಲ್ಬು,
ಜ್ಯಾಮ್ ಬಾಟಲಿಯ ಮುಚ್ಚಳದಲ್ಲಿ ನೀರು,
ಜ್ವರ ನೋಡುವ ಕಡ್ಡಿ. ಪ್ರತಿ ಸಲವೂ ಒದರಿ ಇಳಿಸಬೇಕು.
ಮೂವತ್ತೇಳೂವರೆ.
ಮನುಷ್ಯನಿಗೆ ಇಷ್ಟಿದ್ದರೆ ಮಲಗು ಅನ್ನುತ್ತೇವೆ,
ಮೊಟ್ಟೆಗೆ ಇಷ್ಟಿದ್ದರೆ ಏಳು ಅನ್ನುತ್ತೇವೆ.

ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ 'ಹೋ', ಇನ್ನೊಂದಕ್ಕೆ 'ಬ':
ಹೋಗುವ ಗಾಡಿ, ಬರುವ ಗಾಡಿ.
ಐದು ಹನ್ನೆರಡರ ಹಾಲಿನ ಗಾಡಿಗೆ ಹೊರಳಿಸಿದೆ,
ಒಂಬತ್ತು ನಲವತ್ತರ ಶಾಲೆಮಕ್ಕಳ ಗಾಡಿಗೆ,
ಮಧ್ಯಾಹ್ನದ ಬೀಟ್‌ರೂಟಿನ ಗೂಡ್ಸಿಗೆ,
ಸಂಜೆಯದಕ್ಕೆ,
ಕಡೆಯದಾಗಿ ಹತ್ತು ಐವತ್ತಕ್ಕೆ, ಕುಡುಕರ ಗಾಡಿಗೆ.
ಐದು ಸಲ. ಬೆಸಸಂಖ್ಯೆಯೇ ಇರಲಿ ಎಂದಿದ್ದ ದೆಜೋ;
ಎರಡು ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಬಾರದಂತೆ.

ಎಂಟನೆಯ ದಿನ ಕತ್ತಲಲ್ಲಿ ಟಾರ್ಚು ಹಿಡಿದು ನೋಡಿದೆ.
ಎರಡು ಖಾಲಿ. ಎತೆಲ್ಕಾ ಕೇಳಿದ್ದ ಎರಡೇ ಇರಬೇಕು.
ಉಳಿದ ಐದರೊಳಗೆ ಕೆಂಪು ಎಳೆಗಳು,
ಎಲ್ಲ ಹಳಿಯೂ ಬಂದು ಸೇರುವ ಜಂಕ್ಷನ್ನು,
ನಡುವೆ ಒಂದು ಕಪ್ಪು ಚುಕ್ಕಿ.
ಚುಕ್ಕಿ ಮಿಡಿಯಿತು.

ಆಮೇಲೆ ದಿನಕ್ಕೊಮ್ಮೆ ಕಾಲು ಗಂಟೆ ಮುಚ್ಚಳ ತೆಗೆದು
ಉಗುರುಬೆಚ್ಚಗಿನ ನೀರು ಚಿಮುಕಿಸಬೇಕು.
ತಾಯಿ ಕೊಳಕ್ಕೆ ಹೋಗಿ
ಒದ್ದೆ ಹೊಟ್ಟೆಯಲ್ಲೇ ಬಂದು ಕೂರುತ್ತಾಳಲ್ಲ, ಹಾಗೆ.
ಆ ಕಾಲು ಗಂಟೆ ನಾನು ಹೊರಗೆ ನಿಂತು
ಸಿಗರೇಟು ಸೇದಿದೆ. ನನ್ನ ಕೊಳ ಅದೇ.

ಹತ್ತೊಂಬತ್ತನೆಯ ರಾತ್ರಿ ಕರೆಂಟು ಹೋಯಿತು.
ಎತೆಲ್ಕಾ ಒಂದೂ ಮಾತಾಡದೆ
ಐದನ್ನೂ ಎತ್ತಿ ಹಾಸಿಗೆಗೆ ಒಯ್ದಳು.
ಆ ಹೊದಿಕೆಯ ತುಂಬ ಇರುವುದು
ಈ ಮೊಟ್ಟೆಗಳ ಮುತ್ತಜ್ಜಿಯರ ತುಪ್ಪುಳು.
ಬೆಳಗಿನವರೆಗೂ ಅವಳು ಮಗ್ಗುಲಾಗಲಿಲ್ಲ,
ಗೊರಕೆಯನ್ನೂ ಹೊಡೆಯಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಒಳಗಿನಿಂದ ಟಕ್.
ಒಂದು ನಕ್ಷತ್ರದಷ್ಟು ಬಿರುಕು.
ಆಮೇಲೆ ಒಂದು ಹಗಲು, ಒಂದು ಇರುಳು ಏನೂ ಇಲ್ಲ.
ಬೆರಳು ತುರಿಸಿತು, ಒಂದೇ ಒಂದು ಚೂರು ಕಿತ್ತರೆ...
"ಕೈ ಜೇಬಿನಲ್ಲಿರಲಿ" ಅಂದ ದೆಜೋ, "ರಕ್ತ ಬರುತ್ತದೆ."
ಗೇಟಿನವನು ಗಾಡಿ ಎಳೆಯುವುದಿಲ್ಲ.
ಕಾದೆ.
ಡಬ್ಬವೂ ಕಾದಿತ್ತು.

ನಾಲ್ಕು ಬಂದವು.
ಒದ್ದೆಯಾಗಿ, ಸೋತು, ತಮ್ಮ ಕುತ್ತಿಗೆಯ ಭಾರ ತಾವೇ ಹೊರಲಾರದೆ.
ಐದನೆಯದು ಕೊಕ್ಕಿಟ್ಟ ಜಾಗದಲ್ಲೇ ನಿಂತಿತು.
ದಿನಚರಿಯಲ್ಲಿ 'ತಡ' ಎಂದು ಸಾವಿರ ಸಲ ಬರೆದ ಕೈ
ಮೊದಲ ಸಲ ಬರೆಯಿತು: ಬರಲಿಲ್ಲ.

ಈಗ ಕಕ್ಕಸಿಗೆ ಹೋದರೂ ಹಿಂದೆಯೇ ಬರುತ್ತವೆ.
ನವೆಂಬರಿಗೆ ಮಾರ್ತೋನ್ ಹಬ್ಬ, ಮನೆಮನೆಯಲ್ಲೂ ಬಾತಿನ ಹುರುಕಲು.
ಆ ಮಾತು ಎತೆಲ್ಕಾ ಎತ್ತಿಲ್ಲ.
ನಾನಂತೂ ಎತ್ತುವುದಿಲ್ಲ.

ಇವತ್ತು ನನ್ನ ಹಿಂದೆ ಸಾಲಾಗಿ ಹಳಿಗುಂಟ ನಡೆದು
ರಸ್ತೆ ದಾಟುವ ಕಡೆಗೆ ಬರುತ್ತಿದ್ದವು,
ಅತ್ತಲಿಂದ ದೆಜೋನ ಟ್ರ್ಯಾಕ್ಟರು.
ಓಡಿಹೋಗಿ ಹಿಡಿ ತಿರುಗಿಸಿದೆ. ತುಕ್ಕು ಕಿರುಚಿತು, ಗೇಟು ಇಳಿಯಿತು.
ದೆಜೋ ಇಂಜಿನ್ ಆರಿಸಿ
ಟೊಪ್ಪಿ ತೆಗೆದು ಕೂತ, ಹಿಂದೆ ಕೂರುತ್ತಿದ್ದ ಹಾಗೆ.

ದಿನಚರಿ: ಒಂಬತ್ತು ನಲವತ್ತು.
ನಾಲ್ಕು ಡಬ್ಬಿ. ಸಮಯಕ್ಕೆ ಸರಿಯಾಗಿ.