ಮೂರನೇ ಬಾಗಿಲು

ಘಾಟ್ಕೋಪರಿನ ನಮ್ಮ ಚಾಳಿನಲ್ಲಿ
ಮೂವತ್ತೆಂಟು ಖೋಲಿ, ನಾಲ್ಕು ಪಾಯಖಾನೆ.
ಒಂದಕ್ಕೆ ಚಿಲಕವಿಲ್ಲ. ಒಂದಕ್ಕೆ ಬೀಗ,
ಕೀಲಿ ಯಾರಲ್ಲಿದೆಯೋ.

ಐದೂವರೆಗೆ ಬಾಲ್ದಿ ಹಿಡಿದು ನಿಲ್ಲುತ್ತೇನೆ.
ಒಳಗೆ ಕೂತರೆ ಸಾಕು, ಬಾಗಿಲಿಗೆ ಗುದ್ದು:
ಲವ್ಕರ್, ಬಾಯಿ, ಲವ್ಕರ್!
ಬರುವ ಮನಸ್ಸಿದ್ದದ್ದೂ
ನಾಚಿ ಹಿಂದಕ್ಕೆ ಸರಿಯುತ್ತದೆ,
ಹೆಣ್ಣು ನೋಡಲು ಬಂದವರ ಮುಂದಿನ ಹುಡುಗಿಯ ಹಾಗೆ.

ನಾಲ್ಕು ದಿನ. ಐದು.
ಯಾರೋ ಕೊಟ್ಟ ಚೂರ್ಣ, ಯಾರೋ ಹೇಳಿದ ಹರಳೆಣ್ಣೆ.
ಹೊಲಿಗೆ ಮಶೀನಿನ ಮುಂದೆ
ಕಲ್ಲಾಗಿ ಕೂತ ಹೊಟ್ಟೆ.

ಮುನಿಸಿಪಾಲ್ಟಿ ದವಾಖಾನೆಯ ಪೇಂಡ್ಸೆ ಡಾಕ್ಟರು ಕೇಳಿದರು:
ದಿನಕ್ಕೆ ಎಷ್ಟು ನೀರು ಕುಡಿಯುತ್ತೀ?
ಕಾರ್ಖಾನೆಯಲ್ಲಿ ಹೆಂಗಸರಿಗೆ ಜಾಗವಿಲ್ಲ ಮೇಡಂ,
ಕುಡಿದರೆ ಹೋಗುವುದೆಲ್ಲಿ?
ಅವರ ಪೆನ್ನು ಅಲ್ಲೇ ನಿಂತಿತು.

ಕರೆದಾಗ ಹೋಗದಿದ್ದರೆ, ಅಂದರು,
ಕರುಳು ಕರೆಯುವುದನ್ನೇ ಬಿಡುತ್ತೆ.
ಪೇರಲ ತಿನ್ನು, ಸೊಪ್ಪು, ಜೋಳದ ರೊಟ್ಟಿ.
ರಾತ್ರಿ ಇಸಬಗೋಲು, ಮೇಲೆ ದೊಡ್ಡ ಲೋಟ ನೀರು.
ರಕ್ತ ಕಂಡರೆ ತಡಮಾಡದೆ ಬಾ.
ಚೀಟಿಯ ಕೊನೆಗೆ ಬರೆದರು:
ಹತ್ತು ನಿಮಿಷ, ಯಾರೂ ಗುದ್ದದೆ.

ಈ ಔಷಧ ಯಾವ ಅಂಗಡಿಯಲ್ಲಿದೆ?

ಎದುರು ಖೋಲಿಯ ಶೇವಂತಾಬಾಯಿಗೆ ಚೀಟಿ ಓದಿ ಹೇಳಿದೆ.
ಮೀನು ಮಾರಿ ಗಟ್ಟಿಯಾದ ದನಿ ಅವಳದು.
ಮರುದಿನ ಮೂರನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು:
ಗುದ್ದಿ ನೋಡ್ರೋ, ಕೊಯ್ತಾ ತಂದಿದ್ದೀನಿ!

ಒಳಗೆ ನಾನು,
ತಗಡಿನ ತೂತಿನಲ್ಲಿ ಬೆಳಗಿನ ಚೂರು,
ನಲ್ಲಿಯ ತೊಟ್ಟು.
ಕರುಳೆಂದರೆ ಮಮತೆ ಅನ್ನುತ್ತಿದ್ದಳು ಅವ್ವ.
ಆ ಕರುಳಿಗೇ
ಇಷ್ಟು ವರ್ಷ ಯಾರ ಮಮತೆಯೂ ಇರಲಿಲ್ಲ.

ಹೊರಬಂದಾಗ ಶೇವಂತಾ ಏನೂ ಕೇಳಲಿಲ್ಲ.
ತನ್ನ ಬಾಲ್ದಿ ಎತ್ತಿಕೊಂಡಳು.
ಈಗ ನೀ ನಿಲ್ಲು, ಅಂದಳು,
ನಂದು ಆರು ದಿನ.