ಒಂದೇ ಗಂಟಲು

ಆ ಚಳಿಗಾಲ ತಿಬಿಲಿಸಿಯಲ್ಲಿ ಕರೆಂಟು
ದೂರದ ನೆಂಟನ ಹಾಗೆ, ಬಂದರೆ ಬಂತು.
ಒಂಬತ್ತನೇ ಮಹಡಿಯ ಅಂಬ್ರೋಸಿ ಹತ್ತಿರ ವೀಡಿಯೊ ಪ್ಲೇಯರ್ ಇತ್ತು,
ಎಂಟನೆಯ ಹ್ರಾಚಿಕ್ ಹತ್ತಿರ ಜನರೇಟರು.
ಮೇಲಿನ ಬಚ್ಚಲು ಕೆಳಗಿನ ಸೂರಿಗೆ ಸೋರಿ ಆರು ವರ್ಷ,
ಬೈಗುಳ ಬಿಟ್ಟರೆ ಮಾತಿಲ್ಲ.

ಅಂಬ್ರೋಸಿ ಟ್ರ್ಯಾಮಿನಲ್ಲಿ ಟಿಕೆಟ್ಟು ನೋಡುತ್ತಿದ್ದವನು,
ಹೆಂಡತಿ ಒಳಗೆ ಬಂದರೂ ಚೀಟಿ ಕೇಳುವ ಜಾತಿ.
ಹ್ರಾಚಿಕ್ ಗಡಿಯಾಚೆಯಿಂದ ಪೆಟ್ರೋಲು ತರುತ್ತಿದ್ದ
ಉಪ್ಪಿನಕಾಯಿ ಜಾಡಿಗಳಲ್ಲಿ.
ಎಣ್ಣೆ ಸೀಗೆಕಾಯಿ ಅನ್ನುತ್ತಾರಲ್ಲ, ಹಾಗೆ.
(ತಲೆ ಮಿಂದವರಿಗೆ ಗೊತ್ತು, ಎರಡೂ ಬೇಕು.)

ಶನಿವಾರ ಶನಿವಾರ ಒಂದು ತಂತಿ
ಕೆಳಗಿನ ಕಿಟಕಿಯಿಂದ ಮೇಲಿನ ಕಿಟಕಿಗೆ ಹತ್ತುತ್ತಿತ್ತು.
ನಾವು ಮಕ್ಕಳು ಕೋಟು ಬಿಚ್ಚದೆ ನೆಲದ ಮೇಲೆ.
ಪ್ರತಿ ವಾರ ಬೇರೆ ಕ್ಯಾಸೆಟ್ಟು, ಕಥೆ ಅದೇ:
ಗೆರೆ ದಾಟದ ಪೊಲೀಸು, ಬಾಯಿಗೆ ಬಾಗಿಲಿಲ್ಲದ ಕಳ್ಳ,
ಇಬ್ಬರಿಗೂ ಸೇರಿ ಒಂದು ಬೇಡಿ.
ಎತ್ತು ಏರಿಗೆಳೆದರೆ ಕೋಣ ನೀರಿಗೆ,
ನಡುವೆ ಹೊತ್ತಿ ಉರಿಯುವ ಹಣ್ಣಿನ ಲಾರಿ.

ಆದರೆ ಇಬ್ಬರಿಗೂ ದನಿ ಕೊಟ್ಟವನು ಒಬ್ಬನೇ,
ಮಾಸ್ಕೋದ ಯಾವುದೋ ಅಡುಗೆಮನೆಯಲ್ಲಿ ಕೂತ
ನೆಗಡಿ ಮೂಗಿನ ಅನುವಾದಕ.
ಕತ್ತೆ ಅಂದವನೂ ಅವನೇ,
ನಿಮ್ಮಪ್ಪ ಕತ್ತೆ ಅಂದವನೂ ಅವನೇ.
ಗುಂಡಿಗೂ ಮುತ್ತಿಗೂ ಅದೇ ಆಕಳಿಕೆ.
ತನ್ನ ಜೊತೆ ತಾನೇ ಜಗಳವಾಡುವ ಒಬ್ಬ ಮನುಷ್ಯ,
ಎರಡು ಮುಖ ಸಾಲ ತಂದು.

ಸ್ಫೋಟಕ್ಕಲ್ಲ ನಾವು ಕಾದದ್ದು.
ಬೇಡಿಯ ಕೀಲಿ ಕೈಗೆ ಸಿಕ್ಕಿಯೂ
ಸಿಗಲಿಲ್ಲ ಅನ್ನುತ್ತಾ ಒಬ್ಬ ಜೇಬಿಗಿಳಿಸುತ್ತಾನಲ್ಲ,
ಅದಕ್ಕೆ.
ಅಂಬ್ರೋಸಿ ಆಗ ಕನ್ನಡಕ ಒರೆಸುತ್ತಾ
ಕಾನೂನಿನ ಪ್ರಕಾರ ತಪ್ಪು ಅನ್ನುತ್ತಿದ್ದ.
ಹ್ರಾಚಿಕ್ ಅಂದು ಏನೂ ಅನ್ನಲಿಲ್ಲ.

ಅದೇ ರಾತ್ರಿ,
ಕಾರು ಸೇತುವೆಯ ಅಂಚಿನಲ್ಲಿ ತೂಗುತ್ತಿದ್ದಾಗ,
ಜನರೇಟರು ಎರಡು ಸಲ ಕೆಮ್ಮಿ ಸತ್ತಿತು.
‘ನಿನ್ನ ಪೆಟ್ರೋಲಿನಲ್ಲಿ ನೀರು.’
‘ನಿನ್ನ ಬಚ್ಚಲಿಂದ ಬಂದದ್ದು.’

ಮೊನ್ನೆ ಆ ಸಿನಿಮಾ ಮತ್ತೆ ಸಿಕ್ಕಿತು.
ಚಿತ್ರ ಸ್ವಚ್ಛ, ಇಬ್ಬರಿಗೂ ಅವರವರ ದನಿ.
ಯಾರೋ ಅಪರಿಚಿತರು ಬಡಿದಾಡಿದ ಹಾಗಿತ್ತು,
ಸೇತುವೆ ಬರುವ ಮುಂಚೆಯೇ ಆರಿಸಿಬಿಟ್ಟೆ.

ಕೊನೆ ನನಗೆ ಗೊತ್ತು.
ಪೆಟ್ರೋಲಿನ ಜಾಡಿ ನೆಲಮನೆಯಲ್ಲಿ, ಲಿಫ್ಟು ಸತ್ತಿದೆ.
ಬೀಗದ ಕೈ ಒಬ್ಬನ ಬಳಿ, ಟಾರ್ಚು ಇನ್ನೊಬ್ಬನ ಬಳಿ,
ಯಾರೂ ಯಾರಿಗೂ ಕೊಡಲೊಲ್ಲರು.
ಇಬ್ಬರೂ ಹೊರಟರು.
ನಾವು ಬಾಗಿಲಲ್ಲಿ ನಿಂತು ಕೇಳಿದೆವು:
ಎಂಟು, ಏಳು, ಆರು,
ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಗಳ,
ನಾಲ್ಕನೆಯ ಮಹಡಿಯವರೆಗೆ ಇದು ಇವನು, ಇದು ಅವನು;
ಆಮೇಲೆ, ತುಂಬ ಕೆಳಗೆ,
ನೆಗಡಿ ಹಿಡಿದ ಒಂದೇ ಗಂಟಲು.